ಸ್ಟಿಲ್ (STIHL) ಕಂಪನಿಯ ಮೆಷಿನ್ ರಿಪೇರಿ ಮಾಡುವವರು ಡೊಮೇನಿನಲ್ಲಿ (ವೆಬ್ ವಿಳಾಸದಲ್ಲಿ) ಆ ಹೆಸರು ಬಳಸಬಹುದೇ?

ಗೋಣಿಕೊಪ್ಪ ವರ್ಕ್‌ಶಾಪ್:
ಕಳೆ ಹೊಡೆಯುವ ಮೆಷಿನ್, ಚೈನ್‌ಸಾ ರಿಪೇರಿ ನಮ್ಮ ಕೆಲಸ. ಕಂಪನಿಯ ಅಧಿಕೃತ ಸೆಂಟರ್ ಅಲ್ಲ. ಸ್ಟಿಲ್, ಹೋಂಡಾ ಎರಡೂ ಬರುತ್ತವೆ; ಬೇರೆಯವರು ತಯಾರಿಸಿದ ಬಿಡಿಭಾಗವನ್ನೂ ಮಾರುತ್ತೇವೆ. ತೋಟದವರು ಬ್ರ್ಯಾಂಡ್ ಹೆಸರು ಹಾಕಿಯೇ ಹುಡುಕುತ್ತಾರೆ. 'ಸ್ಟಿಲ್‌ಸರ್ವಿಸ್‌ಕೊಡಗು ಡಾಟ್ ಇನ್' ತೆಗೆದುಕೊಂಡು, ಪುಟದ ಕೆಳಗೆ 'ನಾವು ಅಧಿಕೃತರಲ್ಲ' ಎಂದು ಹಾಕಿದರೆ ಸಾಕೇ?

ಮಡಿಕೇರಿ ವಕೀಲ:
ಸಾಲದು. ಪುಟ ತೆರೆಯುವ ಮೊದಲೇ, ವಿಳಾಸ ಓದಿದಾಗಲೇ ಗಿರಾಕಿ ಇದು ಕಂಪನಿಯದ್ದೇ ಎಂದುಕೊಂಡಿರುತ್ತಾನೆ. 'ಸರ್ವಿಸ್', 'ಕೊಡಗು' ಸೇರಿಸಿದ್ದರಿಂದ ಹೆಸರು ಬೇರೆಯಾಗುವುದಿಲ್ಲ. ಕಂಪನಿಯ ಜಿಲ್ಲಾ ಶಾಖೆಯಂತೆ ಕಾಣುತ್ತದೆ, ಅದು ಇನ್ನೂ ಕೆಟ್ಟದ್ದು.

ಡಾಟ್ ಇನ್ ಹೆಸರಿನ ತಕರಾರು, ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ತಕರಾರು ನಿಯಮವಾದ ಐಎನ್‌ಡಿಆರ್‌ಪಿ ಅಡಿ ಬರುತ್ತದೆ. ದೂರು ಕೊಟ್ಟವರು ಮೂರು ತೋರಿಸಬೇಕು: ಹೆಸರು ತಮ್ಮ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ನಿಮಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ನೋಂದಣಿ ಅಥವಾ ಬಳಕೆ ದುರುದ್ದೇಶದ್ದು. ಡಾಟ್ ಕಾಮ್‌ಗಿರುವ ಇಂಥದ್ದೇ ನಿಯಮ ಯುಡಿಆರ್‌ಪಿಯಲ್ಲಿ ನೋಂದಣಿ, ಬಳಕೆ ಎರಡರಲ್ಲೂ ದುರುದ್ದೇಶ ತೋರಿಸಬೇಕು. ಇಲ್ಲಿ ಒಂದೇ ಸಾಕು, ಹಾಗಾಗಿ ಡಾಟ್ ಇನ್‌ನಲ್ಲಿ ನಿಮ್ಮ ನೆಲೆ ಇನ್ನೂ ದುರ್ಬಲ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆ ರಕ್ಷಣೆ ಉಂಟು ಎಂದು ಸುಪ್ರೀಂ ಕೋರ್ಟ್ 2004ರ ಸತ್ಯಂ ಇನ್ಫೋವೇ ತೀರ್ಪಿನಲ್ಲೇ ಹೇಳಿದೆ.

ಬ್ರ್ಯಾಂಡ್ ಕಾನೂನು ಓದುಗ:
ಬ್ರ್ಯಾಂಡ್ ಹೆಸರನ್ನು ಎತ್ತಲೇಬಾರದು ಎಂದಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 30(2)(ಡಿ) ಪ್ರಕಾರ, ಬಿಡಿಭಾಗ ಯಾವ ಮೆಷಿನ್‌ಗೆ ಹೊಂದುತ್ತದೆ ಎಂದು ತಿಳಿಸಲು ಅಗತ್ಯವಿದ್ದಷ್ಟು ಬಳಸಬಹುದು, ಕಂಪನಿಯೊಂದಿಗೆ ಇಲ್ಲದ ನಂಟು ತೋರಿಸುವಂತಿಲ್ಲ. ಡೊಮೇನಿನಲ್ಲೇ ಬಳಸುವವರಿಗೆ ಯುಡಿಆರ್‌ಪಿ ಅಡಿ ಬಂದ 2001ರ ಓಕಿ ಡೇಟಾ ತೀರ್ಮಾನದ ಅಳತೆಗೋಲಿದೆ: ಸರಕು ಅಥವಾ ಸೇವೆ ನಿಜವಾಗಿ ಕೊಡುತ್ತಿರಬೇಕು, ಆ ಬ್ರ್ಯಾಂಡಿನದ್ದನ್ನು ಮಾತ್ರ ಮಾರಬೇಕು, ನಂಟು ಏನೆಂದು ಸ್ಪಷ್ಟವಾಗಿ ಬರೆದಿರಬೇಕು, ಆ ಹೆಸರಿನ ಡೊಮೇನ್‌ಗಳನ್ನೆಲ್ಲ ಬಾಚಿಕೊಂಡಿರಬಾರದು. ನೀವು ಹೋಂಡಾವನ್ನೂ ಮುಟ್ಟುತ್ತೀರಿ, ಬೇರೆಯವರ ಬಿಡಿಭಾಗವನ್ನೂ ಮಾರುತ್ತೀರಿ. ಎರಡನೆಯದರಲ್ಲೇ ಸೋತಿರಿ.

ಕುಶಾಲನಗರ ವೆಬ್ ಕೆಲಸ:
ಹುಡುಕಾಟದಲ್ಲಿ ಸಿಗಲು ಡೊಮೇನಿನಲ್ಲಿ ಬ್ರ್ಯಾಂಡ್ ಬೇಕಿಲ್ಲ ಸರ್. ಅಂಗಡಿ ಹೆಸರು, ಊರ ಹೆಸರು ಸೇರಿಸಿ ಡೊಮೇನ್ ಮಾಡಿ. ಒಳಗೆ ಒಂದೊಂದು ಬ್ರ್ಯಾಂಡಿಗೆ ಒಂದೊಂದು ಪುಟ ಇಟ್ಟು, 'ಸ್ಟಿಲ್ ಚೈನ್‌ಸಾ ರಿಪೇರಿ: ಗೋಣಿಕೊಪ್ಪದ ಸ್ವತಂತ್ರ ವರ್ಕ್‌ಶಾಪ್' ಎಂದು ಶೀರ್ಷಿಕೆ ಕೊಡಿ. ಕಾರ್ಬ್ಯುರೇಟರ್, ಕ್ಲಚ್, ಚೈನ್ ಬಾರ್ ಎಂದು ಏನೇನು ಸರಿಮಾಡುತ್ತೀರೋ ಬಿಡಿಸಿ ಬರೆಯಿರಿ. ಲೋಗೊ, ಅವರ ಬಣ್ಣದ ಜೋಡಿ, ಅವರ ಕ್ಯಾಟಲಾಗಿನ ಫೋಟೋ ಬೇಡ. ನಿಮ್ಮ ಬೆಂಚಿನ ಮೇಲಿರುವ ಮೆಷಿನಿನ ಫೋಟೋ ಹಾಕಿ.

ಹೊಸ ಹೆಸರು ಗಟ್ಟಿಯಾಗುವ ಮೊದಲು ಸರ್ಕಾರದ ಟ್ರೇಡ್‌ಮಾರ್ಕ್ ಕಚೇರಿಯ ಐಪಿ ಇಂಡಿಯಾ ತಾಣದ ಹುಡುಕಾಟದಲ್ಲಿ ನೋಡಿ. ಅಲ್ಲಿ ಸರಕು, ಸೇವೆಗಳನ್ನು ವಿಂಗಡಿಸಿದ ಕ್ಲಾಸ್‌ಗಳಿವೆ: ರಿಪೇರಿಗೆ ಕ್ಲಾಸ್ 37, ಮೆಷಿನ್‌ಗೆ 7. ಅಕ್ಷರ ಹುಡುಕಾಟದ ಜೊತೆ ಉಚ್ಚಾರದ ಹುಡುಕಾಟವನ್ನೂ ಮಾಡಿ, ಕಾಗುಣಿತ ಬದಲಿಸಿದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು.

ಗೋಣಿಕೊಪ್ಪ ವರ್ಕ್‌ಶಾಪ್:
ಬೇರೊಬ್ಬರು ಆಗಲೇ ಬ್ರ್ಯಾಂಡ್ ಹೆಸರಿನ ಅಂಥದ್ದೊಂದು ಡೊಮೇನ್ ಕೊಂಡಿದ್ದಾರೆ. ಕಂಪನಿಗೇ ಮಾರಬಹುದಾ ಅಂತ ಕೇಳುತ್ತಿದ್ದಾರೆ.

ಮಡಿಕೇರಿ ವಕೀಲ:
ಖಂಡಿತ ಬೇಡ. ಖರ್ಚಿಗಿಂತ ಹೆಚ್ಚು ಹಣಕ್ಕೆ ಮಾರುತ್ತೇನೆಂದು ಬರೆದ ಮೇಲ್ ಒಂದೇ ದುರುದ್ದೇಶಕ್ಕೆ ಸಾಕ್ಷಿಯಾಗುತ್ತದೆ. ಮೊದಲು ಮೇಲ್ ವಿಳಾಸ, ಗೂಗಲ್ ಮ್ಯಾಪ್ ಲಿಸ್ಟಿಂಗ್, ವಿಸಿಟಿಂಗ್ ಕಾರ್ಡ್ ಎಲ್ಲವನ್ನೂ ಹೊಸ ಹೆಸರಿಗೆ ಬದಲಿಸಲಿ, ಆಮೇಲೆ ಹಳೆಯದನ್ನು ನವೀಕರಿಸದೆ ಬಿಡಲಿ. ಅಷ್ಟರೊಳಗೆ ನೋಟಿಸ್ ಬಂದರೆ ಕಡೆಗಣಿಸದೆ, ಅದರಲ್ಲಿರುವ ಗಡುವಿನೊಳಗೆ ಉತ್ತರ ಕೊಡಲಿ.