ವೃತ್ತಿಯೂ ದೇವರ ಕರೆಯೇ ಎಂದು ವಿದ್ಯಾರ್ಥಿಗಳಿಗೆ ಮನಗಾಣಿಸುವುದು ಹೇಗೆ?

ಪ್ರಶ್ನೆ
ನಮ್ಮ ವಿದ್ಯಾರ್ಥಿ ಪ್ರಾರ್ಥನಾ ಗುಂಪಿನಲ್ಲಿ ಹನ್ನೆರಡು ಮಂದಿ ಇದ್ದಾರೆ, ಹೆಚ್ಚಿನವರು ಅಂತಿಮ ವರ್ಷದವರು. ಮುಂದೇನು ಎಂದರೆ "ದೇವರ ಚಿತ್ತ ಇನ್ನೂ ತಿಳಿದಿಲ್ಲ" ಅನ್ನುತ್ತಾರೆ. ಪೂರ್ಣಾವಧಿ ಸೇವೆಗೆ (ಪಾಸ್ಟರ್, ಮಿಷನರಿ ಕೆಲಸಕ್ಕೆ) ಹೋಗುವವರಿಗೆ ಮಾತ್ರ ಕರೆ ಇರುತ್ತದೆಂಬ ನಂಬಿಕೆಯೂ ಇದೆ. ಆರು ವಾರ, ವಾರಕ್ಕೆ ಒಂದೂವರೆ ಗಂಟೆ ಸಿಗುತ್ತದೆ. ಏನೇನು ಮಾಡಿಸಬಹುದು?

ಉತ್ತರ 1
ಮೊದಲ ಎರಡು ವಾರ ಬೈಬಲಿಗೆ ಕೊಡಿ. ನಿಮಗೆ ಹಿತವಾದ ಯೋಜನೆ ನನ್ನಲ್ಲಿದೆ ಎಂದು ದೇವರು ಹೇಳುವ ಯೆರೆಮೀಯ 29:11 ಒಂದನ್ನೇ ಓದಿಸಬೇಡಿ. ಹಾಗೆ ಓದಿದವರು ತಮ್ಮೊಬ್ಬರಿಗಾಗಿ ಗುಟ್ಟಿನ ಯೋಜನೆಯೊಂದಿದೆ, ಅದು ಕಾಣುವ ತನಕ ಕೈಕಟ್ಟಿ ಕೂರಬೇಕು ಅಂದುಕೊಳ್ಳುತ್ತಾರೆ. ಅದು ಬಾಬೆಲಿಗೆ ಸೆರೆಹೋದ ಇಡೀ ಜನಕ್ಕೆ ಬರೆದ ಪತ್ರ. 70 ವರ್ಷದ ಮಾತು ಹಿಂದಿನ ವಚನದಲ್ಲೇ ಇದೆ. 5ರಿಂದ 7ನೇ ವಚನ ಓದಿಸಿ: ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಕಾಯುವವರಿಗೂ ಅಲ್ಲಿ ಕೆಲಸ ಹೇಳಿದೆ.

ಆಮೇಲೆ ಲೂಕ 3:10-14. ಸುಂಕದವರೂ ಸಿಪಾಯಿಗಳೂ ಬಂದು ನಾವೇನು ಮಾಡಬೇಕೆಂದು ಕೇಳಿದಾಗ ಸ್ನಾನಿಕ ಯೋಹಾನ ಕೆಲಸ ಬಿಡಿ ಅನ್ನಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಬೇಡ, ಸುಲಿಗೆ ಬೇಡ, ಸುಳ್ಳು ದೂರು ಬೇಡ ಎಂದ. ಅಕೌಂಟೆಂಟಿಗೆ, ನರ್ಸಿಗೆ, ಕೋಡ್ ಬರೆಯುವವರಿಗೆ ಅವನು ಏನು ಹೇಳುತ್ತಿದ್ದ? ಪ್ರತಿಯೊಬ್ಬರೂ ತಮ್ಮ ಕ್ಷೇತ್ರಕ್ಕೆ ಅರ್ಧ ಪುಟ ಬರೆಯಲಿ. ಸೇವೆಗಷ್ಟೇ ಕರೆ ಎನ್ನುವವರಿಗೆ ವಿಮೋಚನಕಾಂಡ 31 ಸಾಕು: ದೇವರಾತ್ಮ ಬೆಚಲೇಲನೆಂಬ ಕುಶಲಕರ್ಮಿಯನ್ನು ತುಂಬಿದ್ದು ಲೋಹ, ಮರ, ರತ್ನಗಳ ಕುಶಲಕೆಲಸಕ್ಕಾಗಿ.

ಉತ್ತರ 2
ಮೂರನೇ, ನಾಲ್ಕನೇ ವಾರ ಹೊರಗೆ ಕಳಿಸಿ. ಒಬ್ಬೊಬ್ಬರೂ ತಮಗೆ ಆಸಕ್ತಿಯಿರುವ ಕೆಲಸದಲ್ಲಿರುವ ಇಬ್ಬರ ಜತೆ ಅರ್ಧ ಗಂಟೆ ಮಾತಾಡಲಿ. "ಈ ಕೆಲಸ ಇಷ್ಟವೇ?" ಎಂದು ಕೇಳಿದರೆ ಸಿಗುವುದು ಬರಿಯ "ಹೌದು". ನಿನ್ನೆ ಬೆಳಗಿನಿಂದ ಸಂಜೆವರೆಗೆ ಏನೇನು ಮಾಡಿದಿರಿ, ಸುಳ್ಳು ಹೇಳಬೇಕೆಂಬ ಒತ್ತಡ ಎಲ್ಲಿ ಬರುತ್ತದೆ, ನಿಮ್ಮ ಕೆಲಸ ನಿಂತರೆ ಯಾರಿಗೆ ತೊಂದರೆ ಎಂದು ಕೇಳಲಿ.

ಸಾಕ್ಷಿ ಹೇಳಲು ಪಾಸ್ಟರರನ್ನೂ ಮಿಷನರಿಗಳನ್ನೂ ಮಾತ್ರ ಕರೆಯುವುದು ಎಲ್ಲ ಕಡೆ ಆಗುವ ತಪ್ಪು. ಎರಡು ವಾರ ಕಲಿಸಿದ್ದನ್ನು ಅದೊಂದೇ ಅಳಿಸಿಹಾಕುತ್ತದೆ. ಎಲೆಕ್ಟ್ರಿಷಿಯನ್, ಗುಮಾಸ್ತೆ, ಕೆಲಸ ಕಳೆದುಕೊಂಡವರು, ಇವರೂ ಬರಲಿ. ಆನ್‌ಲೈನ್ ಆಸಕ್ತಿ ಪರೀಕ್ಷೆ ಬರೆಸಬಹುದು, ಆದರೆ ಅದು ಒಲವನ್ನು ತೋರಿಸುತ್ತದೆಯೇ ಹೊರತು ಸಾಮರ್ಥ್ಯವನ್ನಲ್ಲ.

ಉತ್ತರ 3
ಐದನೇ ವಾರಕ್ಕೆ ಕ್ವೇಕರ್ ಎಂಬ ಕ್ರೈಸ್ತ ಸಮುದಾಯದಲ್ಲಿ ರೂಢಿಯಲ್ಲಿರುವ ಒಂದು ಕ್ರಮ ತುಂಬ ಒಳ್ಳೆಯದು. ಒಬ್ಬರು ತಮ್ಮ ಗೊಂದಲ ಹೇಳುತ್ತಾರೆ, ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು, ಸಲಹೆ ಕೊಡಕೂಡದು. ನಾಲ್ಕು ಜನರ ಮೂರು ತಂಡ ಮಾಡಿ, ಒಬ್ಬರಿಗೆ 20 ನಿಮಿಷ. "ಬಿ.ಎಡ್. ಯಾಕೆ ಮಾಡಬಾರದು?" ಅನ್ನುವುದು ಪ್ರಶ್ನೆಯ ವೇಷದ ಸಲಹೆ; ಪ್ರತಿ ತಂಡದಲ್ಲೂ ಒಬ್ಬರು ಅದನ್ನು ಅಲ್ಲೇ ತಡೆಯಲಿ.

ಜೆಸ್ವಿಟ್ ಸಭೆಯ ಸ್ಥಾಪಕ, ಸಂತ ಲೊಯೋಲದ ಇಗ್ನೇಷಿಯಸ್ ಕಲಿಸಿದ ನಿಯಮವೊಂದನ್ನೂ ಹೇಳಿಕೊಡಿ: ಮನಸ್ಸು ಬರಡಾಗಿ ಕುಗ್ಗಿರುವಾಗ ಮೊದಲು ಮಾಡಿದ ನಿರ್ಧಾರ ಬದಲಿಸಬೇಡ. ಸಂದರ್ಶನದಲ್ಲಿ ಸೋತ ವಾರವೇ "ನನಗೆ ಸೇವೆಗೆ ಕರೆ ಬಂದಿದೆ" ಎಂದರೆ ಅಲ್ಲಗಳೆಯಬೇಡಿ. ತಾರೀಖು ಹಾಕಿ ಬರೆದಿಡಲಿ, ಮೂರು ತಿಂಗಳ ಮೇಲೆ ಸಭಾಪಾಲಕರ ಜತೆ ಕೂತು ಮತ್ತೆ ಓದಲಿ.

ಪ್ರಶ್ನೆ ಕೇಳಿದವರು
ತುಂಬ ಧನ್ಯವಾದ. ಮನೆಯ ಸಾಲ ತೀರಿಸಲು ಸಿಕ್ಕ ಕೆಲಸಕ್ಕೆ ಸೇರಲೇಬೇಕಾದವರಿಗೆ ಏನು ಹೇಳಲಿ?

ಉತ್ತರ 1
ಮನೆಯವರನ್ನು ಸಾಕುವುದೂ ಕರೆಯೊಳಗಿನದೇ, 1 ತಿಮೊಥೆ 5:8 ನೋಡಿ. ಪೌಲನೂ ಕೊರಿಂಥದಲ್ಲಿ ಗುಡಾರ ಮಾಡಿ ದುಡಿದ. ಆದರೆ ಯಾವ ಕೆಲಸವನ್ನೂ ಕರ್ತನಿಗೆಂದು ಮನಸಾರೆ ಮಾಡಿರಿ ಎನ್ನುವ ಕೊಲೊಸ್ಸೆ 3:23 ತೋರಿಸಿ "ಎಲ್ಲ ಸಹಿಸಿಕೊ" ಅನ್ನಬೇಡಿ. ಆ ಮಾತನ್ನು ದಾಸರಿಗೆ ಬರೆದದ್ದು. ಯಜಮಾನರು ನ್ಯಾಯವಾಗಿ ನಡೆದುಕೊಳ್ಳಬೇಕೆಂದು 4:1ರಲ್ಲಿ ಹೇಳಿದೆ, ಎರಡನ್ನೂ ಒಟ್ಟಿಗೆ ಓದಿಸಿ. ಆರನೇ ವಾರ ಇಂಥವರು ಒಂದು ಪುಟ ಬರೆಯಲಿ: ಈ ಕೆಲಸದಲ್ಲಿ ಎಷ್ಟು ಕಾಲ, ಯಾವ ವಿಷಯಕ್ಕೆ ರಾಜಿಯಿಲ್ಲ, ಜತೆಯಲ್ಲೇ ಏನು ಕಲಿಯುವುದು, ಇದನ್ನೆಲ್ಲ ಯಾರು ವಿಚಾರಿಸುತ್ತಿರಬೇಕು.