ಅಪ್‌ಡೇಟ್: ಕದ್ದ ಚಿತ್ರ ಆಟದಲ್ಲಿದ್ದರೆ ಕೇಸ್ ಯಾರ ಮೇಲೆ?
ಗಂಗಾವತಿಯ ನಮ್ಮ ಹವ್ಯಾಸಿ ಗುಂಪು ಮಾಡಿದ, ಕಾರ್ಡ್‌ಗಳಿರುವ 'ಆನೆಗೊಂದಿ' ಆಟವನ್ನು ಬಳ್ಳಾರಿಯ ಒಬ್ಬರು ಅಚ್ಚು ಹಾಕಿಸಿ ಮಾರುತ್ತಾರೆ, ಅದರಲ್ಲಿ ಕದ್ದ ಚಿತ್ರವಿದ್ದರೆ ಹೊಣೆ ಯಾರದು ಅಂತ ಕೇಳಿದ್ದೆ, ಅಲ್ವಾ? ವಕೀಲರನ್ನು ನೋಡಿ ಬಂದೆ.

ಕ್ರಿಯೇಟಿವ್ ಕಾಮನ್ಸ್ 4.0ರಲ್ಲಿ (ನಮ್ಮ ಕೃತಿಯನ್ನು ಬೇರೆಯವರೂ ಬಳಸಲು ಬಿಡುವ ಸಿದ್ಧ ಪರವಾನಗಿ) ಕೃತಿ ಕೊಟ್ಟವರದೇ ಅನ್ನುವ ಯಾವ ಗ್ಯಾರಂಟಿಯೂ ಇಲ್ಲ. ಆಟಗಳಿಗೆಂದೇ ಇರುವ ಇಂಥದೇ ಪರವಾನಗಿ, 2000ರ ಓಪನ್ ಗೇಮ್ ಲೈಸೆನ್ಸ್, ಹಾಗಲ್ಲ: ಅದರ 5ನೇ ಕಲಂ ಪ್ರಕಾರ, ಆಟಕ್ಕೆ ಏನಾದರೂ ಸೇರಿಸಿದವರೇ 'ಇದು ನನ್ನದು, ಇಲ್ಲವೇ ಕೊಡುವ ಹಕ್ಕು ನನಗಿದೆ' ಅಂತ ಮಾತು ಕೊಟ್ಟ ಹಾಗೆ. ಆದರೆ ಚಿತ್ರದ ಅಸಲಿ ಒಡೆಯರಿಗೆ ಇವೆರಡೂ ಅಡ್ಡ ಬರುವುದಿಲ್ಲ. ಅವರು ಮಾರಿದವರನ್ನೇ ಹಿಡಿಯಬಹುದು. ಕಾಪಿರೈಟ್ ಇದೆ ಅಂತ ಗೊತ್ತಿರಲಿಲ್ಲ, ಅನುಮಾನಕ್ಕೂ ಕಾರಣವಿರಲಿಲ್ಲ ಅಂತ ಸಾಬೀತು ಮಾಡಿದರೆ 1957ರ ಕಾಯ್ದೆಯ 55ನೇ ಸೆಕ್ಷನ್ ನಷ್ಟಪರಿಹಾರ ತಪ್ಪಿಸುತ್ತದೆ. ಆದರೂ ತಡೆಯಾಜ್ಞೆ ಬರಬಹುದು, ಲಾಭವನ್ನೂ ಕಕ್ಕಬೇಕಾಗಬಹುದು.

ಮೂರು ತಲೆಯ ಕರಡಿ ಕಾರ್ಡ್ ತೆಗೆದುಹಾಕಿದೆವು. ಅದರ ಚಿತ್ರ ಕೊಟ್ಟ ಹುಡುಗ 'ಸುಮ್ನೆ ಫೋನಲ್ಲಿ ಸಿಕ್ತು' ಅಂದ! ಉಳಿದವರಿಂದ 'ಇದು ನನ್ನದು, ಇಲ್ಲವೇ ಕೊಡುವ ಹಕ್ಕು ನನಗಿದೆ' ಅಂತ ಸಹಿ ಹಾಕಿಸಿಕೊಳ್ಳುತ್ತಿದ್ದೇವೆ.