ಕಾಶಿನಾಥ್ ನೆನಪಿಗೆ ಒಂದು ಸಂಜೆ: ಯಾವ ಸಿನಿಮಾ ಹಾಕೋಣ?

ಬಾಗಲಕೋಟೆ ನವನಗರದಿಂದ ಕೇಳುತ್ತಿದ್ದೇನೆ. ನಿರ್ದೇಶಕ ಕಾಶಿನಾಥ್ ತೀರಿಕೊಂಡಿದ್ದು 2018ರ ಜನವರಿ 18ಕ್ಕೆ. ಆ ದಿನ ನಮ್ಮ ಗೆಳತಿಯರ ಬಳಗದಿಂದ ಒಂದು ಸಂಜೆ ಇಟ್ಟುಕೊಳ್ಳಬೇಕು ಅಂತಿದ್ದೇವೆ. ಐವತ್ತು ಕುರ್ಚಿ, ಬಾಡಿಗೆ ಪ್ರೊಜೆಕ್ಟರ್, ಚಹಾ, ಚುರುಮುರಿ. ತೊಂದರೆ ಒಂದೇ. ಹೆಸರು ಹೇಳಿದ ಕೂಡಲೇ ನಮ್ಮತ್ತೆ, "ಅಯ್ಯ, ಆ ಡಬಲ್ ಮೀನಿಂಗ್ ಪಿಚ್ಚರ್ ಮನಿಮಂದಿ ಕೂತು ನೋಡೂದೇನ?" ಅಂದರು. ಮಾಡಿ ಅನುಭವ ಇದ್ದವರು ಹೇಳಿ.

ವಿಜಯಪುರದಿಂದ:
ಅಕ್ಕಾ, ನಾವು ಎರಡು ವರ್ಷದ ಹಿಂದೆ ಮಾಡಿದ್ದೆವು. ಮೊದಲ ತಪ್ಪು, ಭಾಷಣ. ಮೂವರು ಸೇರಿ ಒಂದು ತಾಸು ತಿಂದರು. ಅಗಲಿದ ಚೇತನ, ತುಂಬಲಾರದ ನಷ್ಟ, ಅದೇ ರಾಗ. ಜನ ನಗಿಸಿದವರ ನೆನಪಿಗೆ ಬಂದು ಆಕಳಿಸುತ್ತಾ ಕೂತರು.

ಆಮೇಲೆ 'ಅನುಭವ' (1984) ಹಾಕಿದೆವು. ಮೊದಲು ಎಲ್ಲರೂ ಪಕ್ಕದವರ ಮುಖ ನೋಡಿದ್ದೇ ನೋಡಿದ್ದು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಕೊನೆಗೆ ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕರು ನೋಡಿ, ಇಡೀ ಹಾಲ್ ಬಿಚ್ಚಿಕೊಂಡಿತು. ಯಾಕೆ ಆಶ್ಚರ್ಯ? ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಮಂದಿ ನಾವು. ಅಲ್ಲಿ ಹಾಸ್ಯದವನು ಹೇಳೋದು ಇದಕ್ಕಿಂತ ಜಾಸ್ತಿನೇ ಇರುತ್ತೆ, ಮನೆಮಂದಿಯೆಲ್ಲ ಕೂತೇ ನೋಡುತ್ತೇವೆ.

ಆದರೆ ಶುರು ಮಾಡುವ ಮೊದಲು ಎರಡು ಮಾತು ಹೇಳಿ. ಎಳೆಯ ಹುಡುಗಿಯನ್ನು ಮದುವೆ ಮಾಡುವ ವಿಷಯ ಆ ಕಥೆಯಲ್ಲಿದೆ. ನಗುವಿನ ಕೆಳಗೆ ಅದು ಮುಚ್ಚಿಹೋಗಬಾರದು. ಇನ್ನೊಂದು, ನಿಮ್ಮ ಜಿಲ್ಲೆಗೇ ಸೇರಿದ್ದು: 2013ರಲ್ಲಿ ತೇರದಾಳದಿಂದ ಗೆದ್ದು ಸಚಿವರಾದ ಉಮಾಶ್ರೀ ಅವರನ್ನು ಸಿನಿಮಾದಲ್ಲಿ ಜನ ಗುರುತಿಸಿದ್ದು ಇದೇ 'ಅನುಭವ'ದಿಂದ. ಇದನ್ನು ಹೇಳಿದರೆ ನಿಮ್ಮತ್ತೆಯವರೇ ಮುಂದಿನ ಕುರ್ಚಿ ಹಿಡಿಯುತ್ತಾರೆ. ಚಿಕ್ಕ ಮಕ್ಕಳು ಬರುವುದಾದರೆ ಮಾತ್ರ ಬೇಡ.

ಬೆಳಗಾವಿಯಿಂದ:
ನನ್ನ ಓಟು 'ಅಪರಿಚಿತ'ಕ್ಕೆ (1978). ಕಾಮಿಡಿ ಅಲ್ಲ, ಥ್ರಿಲ್ಲರ್. ಅದಕ್ಕೇ ಹೇಳುತ್ತಿದ್ದೇನೆ. ಎರಡು ವರ್ಷ ಮೊದಲು 'ಅಪರೂಪದ ಅತಿಥಿಗಳು' ಅಂತ ನಗೆ ಸಿನಿಮಾದಿಂದ ಬಂದ ಮನುಷ್ಯ, ಮುಂದಿನದರಲ್ಲಿ ಎದೆ ಢವಢವ ಅನ್ನಿಸಿದರು. ಧಾರವಾಡದ ನಟ ಸುರೇಶ್ ಹೆಬ್ಳೀಕರ್ ಅದರಲ್ಲಿದ್ದಾರೆ. ನಮ್ಮಲ್ಲಿ ಇದನ್ನು ಹಾಕಿದಾಗ ಮರಾಠಿ ಗೆಳೆಯರೂ ಬಂದಿದ್ದರು. ಇದನ್ನೇ ಹಿಂದಿಯಲ್ಲಿ ಮಿಥುನ್ ಚಕ್ರವರ್ತಿಯನ್ನು ಹಾಕಿಕೊಂಡು 'ಬೇಶಕ್' ಅಂತ ಕಾಶಿನಾಥರೇ ಮಾಡಿದ್ದು ಅಂದಾಗ ಅವರೂ ನೆಟ್ಟಗೆ ಕೂತರು. ಡಬಲ್ ಮೀನಿಂಗ್ ಅನ್ನೋ ಒಂದೇ ಚೀಟಿ ಅಂಟಿಸಿ ಅವರನ್ನು ಮೂಲೆಗೆ ಇಟ್ಟುಬಿಟ್ಟೆವು ಅಂತ ನನಗೆ ಸಿಟ್ಟಿದೆ, ಬಿಡಿ.

ಜಮಖಂಡಿಯಿಂದ:
ಯಾವ ಸಿನಿಮಾನೇ ಹಾಕಿ, ಕೊನೆಗೆ 'ಸವಿ ನೆನಪುಗಳು ಬೇಕು' ಹಾಡಿಸಿ. ವಾಣಿ ಜಯರಾಂ ಹಾಡು. ಅದೂ 'ಅಪರಿಚಿತ'ದ್ದೇ ಅಂತ ಎಷ್ಟೋ ಮಂದಿಗೆ ಗೊತ್ತಿರಲ್ಲ.

ಮತ್ತೆ ವಿಜಯಪುರದಿಂದ:
ಹುಡುಗರನ್ನು ಸೆಳೆಯಬೇಕಾ? ಉಪೇಂದ್ರ ಇವರ ಗರಡಿಯಲ್ಲಿ ಪಳಗಿದವರು ಅಂತ ಬೋರ್ಡ್ ಮೇಲೆ ಬರೆಯಿರಿ. ಸಂಗೀತ ನಿರ್ದೇಶಕ ವಿ. ಮನೋಹರ್ ಕೂಡ. ನಾವು ಒಂದು ಆಟ ಆಡಿಸಿದ್ದೆವು: ಕಾಶಿನಾಥರ 'ಅ'ದಿಂದ ಶುರುವಾಗುವ ಸಿನಿಮಾ ಹೇಳಿ. 'ಅನಂತನ ಅವಾಂತರ', 'ಅವಳೇ ನನ್ನ ಹೆಂಡ್ತಿ', 'ಅಜಗಜಾಂತರ'... ಒಬ್ಬ ಹುಡುಗ 'ಎ' ಅಂದ. ಅದು ಶಿಷ್ಯ ಉಪೇಂದ್ರನ ಸಿನಿಮಾ ಕಣೋ ಅಂದರೂ ಬಹುಮಾನದ ಪೆನ್ನು ಕೊಟ್ಟೆವು.

ಹಾಂ, ಸಿನಿಮಾ ಹಕ್ಕು ಇದ್ದವರ ಒಪ್ಪಿಗೆ ಮೊದಲೇ ಕೇಳಿ. ಧ್ವನಿಯನ್ನೂ ಹಿಂದಿನ ದಿನವೇ ನೋಡಿಕೊಳ್ಳಿ. ಇವರ ಸಿನಿಮಾದಲ್ಲಿ ಮಾತು ಕೇಳಿಸದಿದ್ದರೆ ಏನೂ ಉಳಿಯಲ್ಲ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. 'ಅಪರಿಚಿತ' ಮೊದಲು, ಚಹಾ ಆದಮೇಲೆ 'ಅನುಭವ'. ಭಾಷಣ ಇಲ್ಲ. ಉಮಾಶ್ರೀ ವಿಷಯ ಅತ್ತೆಗೆ ಹೇಳಿದೆ. "ಚುರುಮುರಿ ನಾನೇ ಕಲಸ್ತೀನಿ" ಅಂದಿದ್ದಾರೆ.